ನಾಯಿಗೆ ಎಲುಬು ಹಿತವೇ? : ಒಂದು ವಿವೇಚನೆ

ನಮ್ಮ ಕಡೆಯ ಪುರಾಣ-ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೃಷ್ಟಾಂತವೊಂದುಂಟು. ನಾಯಿಯೊಂದು ಒಣಗಿದ ಎಲುಬನ್ನು ಕಡಿಯುತ್ತದೆ. ಎಲುಬಿನ ಮೊನೆ ಚುಚ್ಚಿ ಅದರ ವಸಡಿನಿಂದಲೇ ರಕ್ತ ಒಸರುತ್ತದೆ. ತನ್ನ ರಕ್ತದ ರುಚಿಯನ್ನೇ ಎಲುಬಿನ ರಸವೆಂದು ಭ್ರಮಿಸಿದ ನಾಯಿ ಇನ್ನಷ್ಟು ಬಲವಾಗಿ ಕಡಿಯುತ್ತದೆ. ವಿಷಯಸುಖದ ಬೆನ್ನು ಹತ್ತಿದ ಮನುಷ್ಯನ ಅವಸ್ಥೆಯನ್ನು ತಿಳಿಸಲು ಹಿರಿಯರು ಹೇಳಿದ ಮಾತಿದು. ಅದರ ಅಧ್ಯಾತ್ಮವನ್ನು ಕ್ಷಣಕಾಲ ಬದಿಗಿರಿಸಿ ಹೇಳಿದ ಸಂಗತಿಯನ್ನಷ್ಟೇ ನೋಡಿದರೂ, ಅದರಲ್ಲಿ ನಾಯಿಯನ್ನು ಹತ್ತಿರದಿಂದ ಕಂಡವರ ಅನುಭವವಿದೆ. ಎಲುಬು ನಾಯಿಯ ಬಾಯಿಯನ್ನು ಗಾಯಗೊಳಿಸಬಲ್ಲದು; ಗಾಯವಾದರೂ ನಾಯಿ ಅದನ್ನು ಬಿಡದು. ಇಂದಿನ ಪಶುವೈದ್ಯಶಾಸ್ತ್ರ ಹೇಳುವುದೂ ಇದನ್ನೇ.

ಹೀಗಿದ್ದರೂ "ನಾಯಿಗೆ ಎಲುಬು" ಎಂಬುದು ನಮ್ಮ ಮನಸ್ಸಿನಲ್ಲಿ "ಹಸುವಿಗೆ ಹುಲ್ಲು" ಎಂಬಷ್ಟೇ ಸಹಜವಾಗಿ ನೆಲೆಗೊಂಡಿದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಹಳ್ಳಿಗಳಲ್ಲಿ ನಾಯಿಯಿಲ್ಲದ ಹೊಲಮನೆ ವಿರಳ. ನಾಯಿಯಿಲ್ಲದ ಕುರಿಹಟ್ಟಿಯಂತೂ ಇಲ್ಲವೇ ಇಲ್ಲ. ಕಂದೂರಿಯ ದಿನವಾಗಲಿ, ಜಾತ್ರೆಯ ಮರುದಿನವಾಗಲಿ, ಆದಿತ್ಯವಾರದ ಅಡಿಗೆಯ ಬಳಿಕವಾಗಲಿ, ಊಟ ಮುಗಿದೊಡನೆ ತಟ್ಟೆಯಲ್ಲುಳಿದ ಎಲುಬು ಅಂಗಳಕ್ಕೆ ಬೀಳುತ್ತದೆ. ಶಾಕಾಹಾರಿಗಳ ಮನೆಯ ನಾಯಿಯೂ ಓಣಿಯ ಮೂಲೆಯಲ್ಲಿ ತನ್ನ ಪಾಲನ್ನು ಹುಡುಕಿಕೊಳ್ಳುತ್ತದೆ. ಈ ರೂಢಿ ನಾಯಿಗೆ ಹಿತವೇ, ಅಹಿತವೇ? ಅಹಿತವೆಂದಾದರೆ ಯಾವ ಎಲುಬು, ಏಕೆ? ಈ ಪ್ರಶ್ನೆಗಳನ್ನು ಶಾಸ್ತ್ರೀಯವಾಗಿ, ಆದರೆ ಎಲ್ಲರಿಗೂ ತಿಳಿಯುವಂತೆ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾಯಿಯೊಡನೆ ನಮ್ಮ ನಂಟು

ಕನ್ನಡಿಗರಿಗೂ ನಾಯಿಗೂ ಇರುವ ನಂಟು ಶಿಲೆಯಲ್ಲಿ ಕೆತ್ತಲ್ಪಟ್ಟಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ವೀರಗಲ್ಲು ಇದಕ್ಕೆ ಸಾಕ್ಷಿ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನು, ಬೇಡಿದ್ದನ್ನು ಕೊಡುವೆನೆಂದು ಅರಸನು ನುಡಿದಾಗ, ಹೊನ್ನನ್ನು ಬಯಸದೆ "ಕಾಳಿ" ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗಾಗಿ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಸೀಮೆಯ ಭಕ್ತಿಪರಂಪರೆಯಲ್ಲಿಯೂ ನಾಯಿಗೆ ಸ್ಥಾನವಿದೆ. ಮೈಲಾರಲಿಂಗನ, ಅಂದರೆ ಮರಾಠಿಯ ಖಂಡೋಬನ, ಸಂಗಡ ನಾಯಿಯಿರುತ್ತದೆ. ಗಾಣಗಾಪುರದ ದತ್ತಾತ್ರೇಯನ ಪಟದಲ್ಲಿ ಅವನ ಪಾದದ ಬಳಿ ನಾಲ್ಕು ನಾಯಿಗಳಿವೆ. ಅವುಗಳನ್ನು ನಾಲ್ಕು ವೇದಗಳೆಂದು ಭಾವಿಸುವುದುಂಟು. ಕೃಷ್ಣಾತೀರದಿಂದ ಭೀಮಾತೀರದವರೆಗೆ ಕುರಿಗಾರರೊಡನೆ ನಡೆಯುವ ತೆಳುಮೈಯ, ನೀಳಗಾಲಿನ ನಾಯಿಯನ್ನು ಕರ್ನಾಟಕದವರು ಮುಧೋಳ ನಾಯಿಯೆನ್ನುತ್ತಾರೆ, ಮಹಾರಾಷ್ಟ್ರದವರು ಕಾರವಾನಿಯೆನ್ನುತ್ತಾರೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶೀಯ ನಾಯಿತಳಿಗಳ ಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳ ನಾಯಿಯೂ ಸೇರಿತ್ತು. ಇಂತಹ ಸಂಗಾತಿಯ ಅನ್ನದ ವಿಚಾರವನ್ನು ಕ್ಷುಲ್ಲಕವೆಂದು ಬದಿಗೆ ಸರಿಸುವಂತಿಲ್ಲ.

ಎಲುಬೆಂದರೇನು? ಎರಡು ಪ್ರಯೋಗಗಳು

ಎಲುಬು ಏಕೆ ಅಪಾಯಕಾರಿ ಎಂಬುದನ್ನು ತಿಳಿಯಲು ಮೊದಲು ಅದರ ರಚನೆಯನ್ನು ತಿಳಿಯಬೇಕು. ಒಣ ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲೆರಡು ಪಾಲು ಖನಿಜ. ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ರಂಜಕಗಳ ಸಂಯುಕ್ತ. ಉಳಿದುದರಲ್ಲಿ ಬಹುಭಾಗ ಕೊಲ್ಯಾಜನ್ ಎಂಬ ನಾರುರೂಪದ ಪ್ರೋಟೀನು. ಖನಿಜವು ಎಲುಬಿಗೆ ಗಡಸುತನವನ್ನು ಕೊಟ್ಟರೆ, ಕೊಲ್ಯಾಜನ್ ಅದಕ್ಕೆ ಬಾಗುವ, ಪೆಟ್ಟು ತಾಳುವ ಗುಣವನ್ನು ಕೊಡುತ್ತದೆ. ಮಣ್ಣಿನ ಗೋಡೆಯಲ್ಲಿ ಹುಲ್ಲಿನೆಳೆ ಬೆರೆಸಿದಂತೆ ಇವೆರಡೂ ಒಂದರೊಳಗೊಂದು ಹೆಣೆದುಕೊಂಡಿವೆ.

ಇದನ್ನು ಯಾವ ಶಾಲೆಯಲ್ಲಾದರೂ ಮಕ್ಕಳಿಗೆ ತೋರಿಸಬಹುದು. ಕೋಳಿಯ ಕಾಲಿನ ಎಲುಬೊಂದನ್ನು ಶುಚಿಗೊಳಿಸಿ ಗಾಜಿನ ಭರಣಿಯಲ್ಲಿ ವಿನಿಗರ್‌ನಲ್ಲಿ ಮುಳುಗಿಸಿಡಿರಿ. ವಿನಿಗರನ್ನು ಒಂದೆರಡು ಸಲ ಬದಲಿಸಿರಿ. ಕೆಲವು ದಿನಗಳ ಬಳಿಕ ಆಮ್ಲವು ಖನಿಜವನ್ನು ಕರಗಿಸಿರುತ್ತದೆ. ಎಲುಬು ರಬ್ಬರಿನಂತೆ ಬಾಗುತ್ತದೆ. ಉಳಿದುದು ಕೊಲ್ಯಾಜನ್. ಇನ್ನೊಂದು ಎಲುಬನ್ನು, ಗುರುಗಳ ಮೇಲ್ವಿಚಾರಣೆಯಲ್ಲಿ, ಕೆಂಡದಲ್ಲಿಟ್ಟು ಚೆನ್ನಾಗಿ ಸುಡಿರಿ. ಅದರ ಆಕಾರ ಹಾಗೆಯೇ ಉಳಿಯುತ್ತದೆ. ಆದರೆ ಬೆರಳಿನಿಂದ ಒತ್ತಿದರೆ ಪಟ್ಟನೆ ಮುರಿದು ಪುಡಿಯಾಗುತ್ತದೆ. ಅಲ್ಲಿ ಖನಿಜವಿದೆ, ಕೊಲ್ಯಾಜನ್ ಇಲ್ಲ. ಈ ಎರಡನೆಯ ಪ್ರಯೋಗದಲ್ಲಿಯೇ ನಮ್ಮ ವಿಷಯದ ತಿರುಳಿದೆ.

ಬೆಂದ ಎಲುಬಿನ ದೋಷ

ಅಡಿಗೆಯ ಪಾತ್ರೆಯಲ್ಲಿ ನಡೆಯುವುದು ಈ ಎರಡನೆಯ ಪ್ರಯೋಗದ ಸೌಮ್ಯರೂಪವೇ. ಎಲುಬನ್ನು ಕುದಿಸಿದಾಗ ಕೊಲ್ಯಾಜನ್ ಸಡಿಲಗೊಂಡು ಜೆಲಾಟಿನ್ ಆಗಿ ನೀರಿಗಿಳಿಯುತ್ತದೆ. ಪಾಯಾ ಸಾರು ಆರಿದ ಮೇಲೆ ಗಟ್ಟಿಯಾಗಿ ತೊನೆದಾಡುವುದು ಈ ಜೆಲಾಟಿನ್ ಕಾರಣದಿಂದ. ಸಾರಿಗೆ ಬಂದ ಸತ್ತ್ವವು ಎಲುಬಿನಿಂದ ಹೋದ ಸತ್ತ್ವವಲ್ಲದೆ ಬೇರೆಯಲ್ಲ. ಹುರಿದಾಗ, ತಂದೂರಿಯಲ್ಲಿ ಸುಟ್ಟಾಗ, ಎಲುಬಿನ ತೇವವೂ ಆರುತ್ತದೆ. ಹೀಗೆ ಬೆಂದ ಎಲುಬು ನೋಡಲು ಮೊದಲಿನಂತೆಯೇ ಇದ್ದರೂ ಬಾಗುವ ಗುಣವನ್ನು ಕಳೆದುಕೊಂಡಿರುತ್ತದೆ. ಹಲ್ಲಿನ ಒತ್ತಡಕ್ಕೆ ಅದು ಸವೆಯುವುದಿಲ್ಲ, ಸೀಳುತ್ತದೆ. ಸೀಳಿದ ಚೂರುಗಳು ಸೂಜಿಯಂತೆ, ಚೂರಿಯಂತೆ ಮೊನೆಗೊಂಡಿರುತ್ತವೆ.

ಕೋಳಿಯ ಎಲುಬಿನ ಅಪಾಯ ಇನ್ನೂ ಹೆಚ್ಚು. ಹಕ್ಕಿಯ ಜಾತಿಗೆ ಸೇರಿದ ಕೋಳಿಯ ಎಲುಬಿನ ಗೋಡೆ ತೆಳು. ಬೆಂದ ಕೋಳಿಯ ತೊಡೆಯೆಲುಬು ಉದ್ದುದ್ದವಾಗಿ ಸೀಳುವುದನ್ನು ಊಟದ ತಟ್ಟೆಯಲ್ಲಿಯೇ ಕಾಣಬಹುದು. ಕುಕ್ಕರಿನಲ್ಲಿ ಬಹಳ ಹೊತ್ತು ಬೇಯಿಸಿದರೆ ಎಲುಬು ಮೆತ್ತಗಾಗುತ್ತದಲ್ಲ ಎಂದು ಕೇಳಬಹುದು. ಬೆರಳಿನಿಂದ ಹಿಸುಕಿದರೆ ಹಿಟ್ಟಾಗುವಷ್ಟು ಬೆಂದ ಎಲುಬು ಚುಚ್ಚದೆಂಬುದು ನಿಜ. ಆದರೆ ಮನೆಯ ಅಡಿಗೆಯಲ್ಲಿ ನಾಲ್ಕು ಸೀಟಿಗೆ ಇಳಿಸಿದ ಎಲುಬು ಅಷ್ಟು ಬೇಯುವುದಿಲ್ಲ. ತುದಿ ಮೆತ್ತಗಾದರೂ ನಡುಭಾಗ ಗಡಸಾಗಿಯೇ ಉಳಿಯುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ, ಒಣಗಿಸಿದ ಅಥವಾ ಹೊಗೆಯಲ್ಲಿ ಹದಗೊಳಿಸಿದ ಎಲುಬುಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಲ್ಲಿಯೇ ನಾಯಿಗೆ ಎಲುಬು ಸುರಕ್ಷಿತವಲ್ಲವೆಂದು ಪ್ರಕಟಣೆ ಹೊರಡಿಸಿತು. ಅಂಗಡಿಯಲ್ಲಿ ಮಾರುವ ಇಂತಹ ಎಲುಬುಗಳಿಂದ ತೊಂದರೆಯಾದ ಬಗ್ಗೆ 2010ರ ನವೆಂಬರದಿಂದ 2017ರ ಸಪ್ಟಂಬರದವರೆಗೆ ಅದಕ್ಕೆ ಸುಮಾರು 68 ವರದಿಗಳು ಬಂದವು. ಅವು ಸುಮಾರು 90 ನಾಯಿಗಳಿಗೆ ಸಂಬಂಧಿಸಿದ್ದವು. ಅವುಗಳಲ್ಲಿ ಸುಮಾರು 15 ಸತ್ತುವೆಂದು ವರದಿಯಾಗಿತ್ತು. ಬಣ್ಣದ ಪೊಟ್ಟಣದಲ್ಲಿ ಬಂದ ಮಾತ್ರಕ್ಕೆ ಎಲುಬಿನ ಗುಣ ಬದಲಾಗದು.

ಬಾಯಿಯಿಂದ ಗುದದವರೆಗೆ

ಎಲುಬು ನಾಯಿಯ ದೇಹದಲ್ಲಿ ಸಾಗುವ ದಾರಿಯನ್ನು ಅನುಸರಿಸಿದರೆ ಅಪಾಯದ ಸ್ಥಳಗಳು ಒಂದೊಂದಾಗಿ ಗೋಚರಿಸುತ್ತವೆ.

ಮೊದಲನೆಯದು ಹಲ್ಲು. ಬೆಳೆದ ನಾಯಿಗೆ 42 ಹಲ್ಲುಗಳು. ಮರಿಗೆ 28 ಹಾಲುಹಲ್ಲುಗಳು. ಮೇಲ್ದವಡೆಯ ಎರಡೂ ಬದಿಗೆ ಒಂದೊಂದು ದೊಡ್ಡ ಹಲ್ಲು ಕತ್ತರಿಯ ಅಲಗಿನಂತಿದೆ. ಕೆಳಗಿನ ಜೊತೆಹಲ್ಲಿನೊಡನೆ ಸೇರಿ ಅದು ಮಾಂಸವನ್ನು ಕತ್ತರಿಸುತ್ತದೆ. ನಾಯಿ ಎಲುಬನ್ನು ಕಡಿಯುವುದೂ ಇದೇ ಹಲ್ಲಿನಿಂದ. ದೊಡ್ಡ ಪ್ರಾಣಿಯ ಕಾಲಿನ ಗಟ್ಟಿ ಎಲುಬನ್ನು ಕಡಿಯುವಾಗ ಈ ಹಲ್ಲಿನ ಹೊರಪದರ ಚಕ್ಕೆಯಾಗಿ ಸೀಳಿ ಒಳಗಿನ ಜೀವನಾಡಿ ತೆರೆದುಕೊಳ್ಳುವುದುಂಟು. ಬೇರಿಗೆ ಕೀವು ತುಂಬಿ ಕಣ್ಣಿನ ಕೆಳಗೆ ಬಾವು ಬಂದಾಗಲೇ ಅನೇಕ ಸಲ ಅದು ಒಡೆಯನ ಗಮನಕ್ಕೆ ಬರುತ್ತದೆ.

ಎರಡನೆಯದು ಬಾಯಿ. ಉದ್ದನೆಯ ಚೂರು ಅಂಗಳಿಗೆ ಅಡ್ಡಲಾಗಿ ಎರಡು ಬದಿಯ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮಜ್ಜೆ ತುಂಬಿದ ನಳಿಗೆಯೆಲುಬನ್ನು ಅಡ್ಡ ಕೊಯ್ದಾಗ ಬರುವ ಬಳೆಯಾಕಾರದ ತುಂಡು ಕೋರೆಹಲ್ಲುಗಳನ್ನು ದಾಟಿ ಕೆಳದವಡೆಗೆ ಬಳೆ ತೊಡಿಸಿದಂತೆ ಕೂರುತ್ತದೆ. ಮತ್ತೆ ತೆಗೆಯಬೇಕಾದರೆ ಕತ್ತರಿಸದೆ ಗತ್ಯಂತರವಿರುವುದಿಲ್ಲ.

ಮೂರನೆಯದು ಅನ್ನನಾಳ. ಕೊರಳಿನಿಂದ ಎದೆಗೂಡನ್ನು ಪ್ರವೇಶಿಸುವಲ್ಲಿ, ಹೃದಯದ ಬುಡದಲ್ಲಿ, ವಪೆಯನ್ನು ದಾಟುವ ಮುನ್ನ, ಈ ಮೂರು ಕಡೆ ಅನ್ನನಾಳ ಹಿಗ್ಗಲು ಅವಕಾಶ ಕಡಿಮೆ. ಎಲುಬು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಸಿಕ್ಕಿದ ಎಲುಬು ಗಂಟೆಗಳು ಕಳೆದಂತೆ ಗೋಡೆಯನ್ನು ಒತ್ತಿ ಕೊಳೆಯಿಸುತ್ತದೆ. ತೂತು ಬಿದ್ದರೆ ಸೋಂಕು ಎದೆಯೊಳಗೆ ಹರಡುತ್ತದೆ. ಆದುದರಿಂದ ಇದು ನಾಳೆ ನೋಡೋಣವೆಂದು ಮುಂದೂಡುವ ಕಾಯಿಲೆಯಲ್ಲ.

ನಾಲ್ಕನೆಯದು ಜಠರ ಮತ್ತು ಕರುಳು. ನಾಯಿಯ ಜಠರದ ಆಮ್ಲ ತೀಕ್ಷ್ಣವಾದುದು. ಸಣ್ಣ ಚೂರುಗಳನ್ನು ಅದು ಕರಗಿಸಬಲ್ಲದು. ಎಷ್ಟೋ ನಾಯಿಗಳು ಎಲುಬು ತಿಂದೂ ಸುಖವಾಗಿರುವುದಕ್ಕೆ ಇದೇ ಕಾರಣ. ಆದರೆ ಕರಗುವ ಮೊದಲೇ ಕರುಳಿಗಿಳಿದ ಮೊನೆಚೂರು ಅಲ್ಲಿ ತೂತು ಮಾಡಿದರೆ ಮಲಕಲ್ಮಷವು ಹೊಟ್ಟೆಯ ಒಳಪೊರೆಗೆ ತಗಲಿ ಪ್ರಾಣಾಪಾಯದ ಉರಿಯೂತವುಂಟಾಗುತ್ತದೆ. ದೊಡ್ಡ ತುಂಡು ಕರುಳನ್ನೇ ಕಟ್ಟಿಹಾಕಬಹುದು.

ಕೊನೆಯದು ಗುದ. ಬಹಳ ಎಲುಬು ತಿಂದ ನಾಯಿಯ ಮಲ ಸುಣ್ಣದ ಹೆಂಟೆಯಂತೆ ಬಿಳಿಯಾಗಿ ಗಟ್ಟಿಯಾಗುತ್ತದೆ. ನಾಯಿ ಮುಕ್ಕರಿಯುತ್ತದೆ, ನರಳುತ್ತದೆ; ಚೂರು ಚುಚ್ಚಿ ರಕ್ತ ಬರುತ್ತದೆ.

ಎಲುಬಿಗೆ ಅಂಟಿದ ಮಸಾಲೆಯ ಮಾತೂ ಇಲ್ಲಿ ಅಗತ್ಯ. ಉಳ್ಳಾಗಡ್ಡಿ ಮತ್ತು ಬಳ್ಳೊಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹದ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ತಿಂದ ನಾಯಿಯಲ್ಲಿ ಈ ದೋಷ ಕಾಣಿಸಿಕೊಳ್ಳುತ್ತದೆ; ಬೇಯಿಸಿದರೂ ಅದರ ವಿಷಗುಣ ಹೋಗದು. ಕೊಬ್ಬು ಮತ್ತು ಎಣ್ಣೆ ಹೆಚ್ಚಾದರೆ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಒಳಗಾಗಬಹುದು. ಆದುದರಿಂದ ಮಸಾಲೆಸಾರಿನಲ್ಲಿ ನೆನೆದ ಎಲುಬು ಚುಚ್ಚದಿದ್ದರೂ ಹಿತವಲ್ಲ.

"ತೋಳ ತಿನ್ನುವುದಿಲ್ಲವೇ?"

ಇಷ್ಟು ಕೇಳಿದ ಮೇಲೆ ಒಂದು ಆಕ್ಷೇಪ ಬರುವುದು ಸಹಜ. ನಾಯಿ ತೋಳದ ವಂಶದ್ದು; ತೋಳ ಎಲುಬು ಸಹಿತ ಬೇಟೆಯನ್ನು ತಿನ್ನುವುದಿಲ್ಲವೇ? ಸೊಲ್ಲಾಪುರದ ಸಮೀಪದ ನಾನ್ನಜದ ಹುಲ್ಲುಗಾವಲಿನಲ್ಲಿ ಇಂದಿಗೂ ತೋಳಗಳಿರುವುದರಿಂದ ನಮ್ಮ ಜನರಿಗೆ ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ.

ಇದಕ್ಕೆ ಮೂರು ಉತ್ತರಗಳುಂಟು. ತೋಳ ತಿನ್ನುವುದು ಹಸಿ ಎಲುಬನ್ನು, ಅದೂ ಚರ್ಮ, ಕೂದಲು, ಮಾಂಸಗಳೊಡನೆ. ಕೊಲ್ಯಾಜನ್ ಕಳೆದುಕೊಂಡ ಬೆಂದ ಎಲುಬು ಅದರ ಬಾಯಿಗೆ ಬೀಳುವುದಿಲ್ಲ. ಎರಡನೆಯದಾಗಿ, ತೋಳಕ್ಕೂ ಎಲುಬು ನಿರಪಾಯಕಾರಿಯಲ್ಲ. ಕಾಡಿನ ದೊಡ್ಡ ಮಾಂಸಾಹಾರಿಗಳ ತಲೆಬುರುಡೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅವುಗಳಲ್ಲಿ ಮುರಿದ ಹಲ್ಲುಗಳು ಅಪರೂಪವಲ್ಲವೆಂದು ಕಂಡಿದ್ದಾರೆ. ಕಾಡಿನಲ್ಲಿ ಕರುಳು ತೂತಾಗಿ ಸತ್ತ ತೋಳದ ಲೆಕ್ಕವನ್ನು ಇಟ್ಟವರಿಲ್ಲ. ಮೂರನೆಯದಾಗಿ, ನಾಯಿ ಈಗ ತೋಳವಾಗಿ ಉಳಿದಿಲ್ಲ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆಯಂತೆ, ಪಿಷ್ಟವನ್ನು ಜೀರ್ಣಿಸುವ ಕಿಣ್ವದ ಜೀನು ತೋಳದಲ್ಲಿ ಕೇವಲ 2 ಪ್ರತಿಗಳಿದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿಗಳಿವೆ. ಮನುಷ್ಯನ ಒಲೆಯ ಬಳಿ ಸಾವಿರಾರು ವರ್ಷ ಕಳೆದ ನಾಯಿ ರೊಟ್ಟಿಯನ್ನು ಅರಗಿಸಿಕೊಳ್ಳಲು ಕಲಿತಿದೆ. ಕುರಿಗಾರನು ತನ್ನ ನಾಯಿಗೆ ಹಾಕುವ ಜೋಳದ ರೊಟ್ಟಿ ಅದಕ್ಕೆ ಪರಕೀಯ ಅನ್ನವಲ್ಲ.

ಹಸಿ ಎಲುಬಿನ ಪಕ್ಷದವರೂ ಇದ್ದಾರೆ. ಆಸ್ಟ್ರೇಲಿಯದ ಪಶುವೈದ್ಯ ಇಯಾನ್ ಬಿಲಿಂಗ್‌ಹರ್ಸ್ಟ್ 1993ರಲ್ಲಿ ಪ್ರಕಟಿಸಿದ ಪುಸ್ತಕದಿಂದ, ಹಸಿ ಮಾಂಸ ಮತ್ತು ಎಲುಬು ನಾಯಿಯ ಸಹಜ ಆಹಾರವೆಂಬ ವಾದ ಪಾಶ್ಚಾತ್ಯ ದೇಶಗಳಲ್ಲಿ ಪ್ರಚಾರ ಪಡೆಯಿತು. ಬ್ರೆಜಿಲ್ ದೇಶದ ಸಂಶೋಧಕರು 2016ರಲ್ಲಿ ಬೀಗಲ್ ನಾಯಿಗಳಿಗೆ ಹಸಿ ಎಲುಬು ಕಡಿಯಗೊಟ್ಟು, ಹಲ್ಲಿನ ಕಿಟ್ಟ ಗಮನಾರ್ಹವಾಗಿ ಕಡಿಮೆಯಾದುದನ್ನು ವರದಿ ಮಾಡಿದರು. ಈ ಲಾಭವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಸಿ ಎಲುಬಿನೊಡನೆ ಸಾಲ್ಮೊನೆಲ್ಲದಂತಹ ರೋಗಾಣುಗಳು ಮನೆಗೆ ಬರುತ್ತವೆ. ನಾಯಿಗೆ ಅವು ತೊಂದರೆ ಕೊಡದಿದ್ದರೂ ನಾಯಿ ನೆಕ್ಕಿದ ಕೈಯಿಂದ ಉಣ್ಣುವ ಮಗುವಿಗೆ ಕೊಡಬಹುದು. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅಂಗಳದ ಹಸಿ ಎಲುಬು ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಹಲ್ಲು ಮುರಿಯುವ, ಗಂಟಲಲ್ಲಿ ಸಿಕ್ಕುವ ಭಯವೂ ಹಸಿ ಎಲುಬಿಗೆ ತಪ್ಪಿದ್ದಲ್ಲ.

ಆದಾಗ್ಯೂ ಹಸಿ ಎಲುಬು ಕೊಡಲೇಬೇಕೆನ್ನುವವರು ಈ ಕಟ್ಟಳೆಗಳನ್ನು ಪಾಲಿಸಬೇಕು. ಎಲುಬು ಅದೇ ದಿನದ್ದಾಗಿರಬೇಕು. ನಾಯಿಯ ಬಾಯಲ್ಲಿ ಇಡಿಯಾಗಿ ಹಿಡಿಯದಷ್ಟು ದೊಡ್ಡದಾಗಿರಬೇಕು. ದೊಡ್ಡ ಪ್ರಾಣಿಯ ಕಾಲಿನ ಗಟ್ಟಿ ಎಲುಬಾಗಲಿ ಬಳೆಯಾಕಾರದ ತುಂಡಾಗಲಿ ಬೇಡ. ಹತ್ತು-ಹದಿನೈದು ನಿಮಿಷ ಎದುರಿಗಿದ್ದು ಕಡಿಯಗೊಟ್ಟು, ಚೂರಾಗುವ ಮೊದಲೇ ತೆಗೆದು ದೂರ ಹೂಳಬೇಕು. ಹಾಲುಹಲ್ಲಿನ ಮರಿಗೆ, ಮುದಿನಾಯಿಗೆ, ಗಬಕ್ಕನೆ ನುಂಗುವ ಸ್ವಭಾವದ ನಾಯಿಗೆ ಕೊಡಲೇಬಾರದು. ಎರಡು ನಾಯಿಗಳ ನಡುವೆ ಒಂದು ಎಲುಬು ಹಾಕಬಾರದು. ಜಗಳವೂ ಆಗುತ್ತದೆ, ಕಸಿದುಕೊಳ್ಳುವ ಭಯದಿಂದ ನುಂಗುವುದೂ ಆಗುತ್ತದೆ.

ಎಲುಬಿನ ಜೊತೆಗೆ ಬೀಳುವ ಇನ್ನೊಂದು ವಸ್ತು

ಕುರಿ ಕಡಿದ ದಿನ ನಾಯಿಯ ಮುಂದೆ ಬೀಳುವುದು ಎಲುಬೊಂದೇ ಅಲ್ಲ. ಬೇಡವಾದ ಪುಪ್ಪುಸ, ಈಲಿ, ಕರುಳುಗಳೂ ಬೀಳುತ್ತವೆ. ಕೆಲವೊಮ್ಮೆ ಇವುಗಳಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳು ಕಾಣುತ್ತವೆ. ಅವು ಒಂದು ಬಗೆಯ ಪಟ್ಟಿಹುಳದ ಮರಿಗಳಿರುವ ಚೀಲಗಳು. ಅವನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳಗಳು ಬೆಳೆಯುತ್ತವೆ. ನಾಯಿಗೆ ಇದರಿಂದ ವಿಶೇಷ ಬಾಧೆಯಿಲ್ಲ. ಆದರೆ ಅದರ ಮಲದೊಡನೆ ಹೊರಬಿದ್ದ ತತ್ತಿಗಳು ಮಣ್ಣು, ಕಾಯಿಪಲ್ಲೆ, ನಾಯಿಯ ಮೈಕೂದಲುಗಳ ಮೂಲಕ ಮನುಷ್ಯನ ಬಾಯಿ ಸೇರಿದರೆ, ಅವನ ಈಲಿಯಲ್ಲಿ ಅಥವಾ ಪುಪ್ಪುಸದಲ್ಲಿ ಅಂತಹದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಅನೇಕ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ನಾಯಿಯೊಡನೆ ಆಡುವ ಮಕ್ಕಳಿಗೆ ಇದರ ಭಯ ಹೆಚ್ಚು.

ಇದನ್ನು ತಡೆಯುವುದು ಸಾಧ್ಯವೆಂಬುದಕ್ಕೆ ಐಸ್‌ಲ್ಯಾಂಡ್ ದೇಶವೇ ನಿದರ್ಶನ. ಕುರಿ ಮತ್ತು ನಾಯಿಗಳ ಆ ನಾಡಿನಲ್ಲಿ 19ನೆಯ ಶತಮಾನದಲ್ಲಿ ಈ ರೋಗ ಮನೆಮನೆಯ ಪೀಡೆಯಾಗಿತ್ತು. 1863ರಲ್ಲಿ ಹಾರಾಲ್ಡ್ ಕ್ರಾಬ್ಬೆ ಎಂಬ ವಿಜ್ಞಾನಿ ಡೆನ್ಮಾರ್ಕಿನಿಂದ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ ರೋಗದ ಚಕ್ರವನ್ನು ಅರಿತನು. ರೋಗ ಹೇಗೆ ಬರುತ್ತದೆ, ಗುಳ್ಳೆಯಿರುವ ಅಂಗಗಳನ್ನು ಏಕೆ ಸುಡಬೇಕು ಅಥವಾ ಹೂಳಬೇಕು ಎಂಬುದನ್ನು ಅವನು ಬರೆದು ತಿಳಿಸಿದ ಕಿರುಪುಸ್ತಕವನ್ನು ಆ ಜನರ ಭಾಷೆಯಲ್ಲಿಯೇ ಅಚ್ಚುಮಾಡಿ ಹಂಚಲಾಯಿತು. ಓದು ಬಲ್ಲ ಜನ ಅದನ್ನು ಓದಿದರು, ನಡೆದುಕೊಂಡರು, ಕಾನೂನೂ ಜೊತೆಗೂಡಿತು. ರೋಗ ತಲೆಮಾರುಗಳಲ್ಲಿ ಆ ನಾಡನ್ನು ಬಿಟ್ಟು ಹೋಯಿತು. ಮನೆಯ ಭಾಷೆಯಲ್ಲಿ ಬಂದ ತಿಳಿವಳಿಕೆ ಔಷಧಿಯಷ್ಟೇ ಕೆಲಸ ಮಾಡಬಲ್ಲದು.

ಹೀಗೆ ನೋಡಿದರೆ ನಮ್ಮ ರೂಢಿ ಎರಡು ಕಡೆಯೂ ತಲೆಕೆಳಗಾಗಿದೆ. ಬೇಯಿಸಬೇಕಾದ ಪುಪ್ಪುಸವನ್ನು ಹಸಿಯಾಗಿ ಹಾಕುತ್ತೇವೆ. ಬೇಯಿಸಿ ಹಾಕಬಾರದ ಎಲುಬನ್ನು ಬೇಯಿಸಿ ಹಾಕುತ್ತೇವೆ. ಅಂಗಮಾಂಸ ಹಸಿಯಾಗಿ ಬೇಡ, ಎಲುಬು ಬೆಂದದ್ದು ಬೇಡ: ಇದೊಂದು ಸೂತ್ರವನ್ನು ನೆನಪಿಟ್ಟರೆ ಲೇಖನದ ಅರ್ಧಭಾಗ ಕೈಸೇರಿದಂತೆ. ಗುಳ್ಳೆ ಕಂಡ ಅಂಗವನ್ನು ಮಾತ್ರ ಬೇಯಿಸಿಯೂ ಹಾಕದೆ, ನಾಯಿ ಕೆದಕದಷ್ಟು ಆಳವಾಗಿ ಹೂಳುವುದು ಲೇಸು. ನಾಯಿಗೆ ಕಾಲಕಾಲಕ್ಕೆ ಪಶುವೈದ್ಯರಿಂದ ಜಂತಿನ ಔಷಧಿ ಕೊಡಿಸಬೇಕು.

ಗಂಟಲಲ್ಲಿ ಸಿಕ್ಕಿತೆಂದು ಕಂಡಾಗ

ನಾಯಿ ಜೊಲ್ಲು ಸುರಿಸುವುದು, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವುದು, ಏನೂ ಬಾರದೆ ಓಕರಿಸುವುದು, ನೀರನ್ನೂ ಹಿಂದಕ್ಕೆ ಕಾರುವುದು, ಇವು ಬಾಯಿ ಅಥವಾ ಅನ್ನನಾಳದಲ್ಲಿ ಎಲುಬು ಸಿಕ್ಕಿದ ಲಕ್ಷಣಗಳು. ಬೆನ್ನು ಗೂನಾಗಿಸಿ ನಿಲ್ಲುವುದು, ಹೊಟ್ಟೆ ಮುಟ್ಟಗೊಡದಿರುವುದು, ಅನ್ನ ಬಿಡುವುದು, ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ಇವು ಕೆಳಗಿನ ತೊಂದರೆಯ ಲಕ್ಷಣಗಳು.

ಆದರೆ ಇಲ್ಲಿ ಅತ್ಯಂತ ಮಹತ್ತ್ವದ ಎಚ್ಚರಿಕೆಯೊಂದಿದೆ. ಹುಚ್ಚುರೋಗ ತಗಲಿದ ನಾಯಿಯೂ ಗಂಟಲಲ್ಲಿ ಎಲುಬು ಸಿಕ್ಕಿದ ನಾಯಿಯಂತೆಯೇ ಕಾಣಬಹುದು. ಈ ರೋಗದ ಒಂದು ರೂಪದಲ್ಲಿ ನಾಯಿ ಕಚ್ಚಲು ಬಾರದೆ ಮಂಕಾಗಿ ಕೂರುತ್ತದೆ. ದವಡೆ ಜೋತುಬೀಳುತ್ತದೆ, ನುಂಗಲಾಗದೆ ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಬದಲಾಗುತ್ತದೆ. ಅಯ್ಯೋ ಪಾಪ, ಎಲುಬು ಸಿಕ್ಕಿದೆಯೆಂದು ಕರುಣೆಯಿಂದ ಬಾಯಿಗೆ ಕೈಯಿಟ್ಟರೆ, ಆ ಜೊಲ್ಲು ಬೆರಳಿನ ಗೀರಿಗೆ ತಗಲಿದರೂ ಸಾಕು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಹುಚ್ಚುರೋಗದಿಂದ ಮನುಷ್ಯ ಬದುಕುವುದು ಅತಿ ವಿರಳ. ಆದುದರಿಂದ ಲಸಿಕೆ ಹಾಕಿಸದ ನಾಯಿಯ, ಬೀದಿನಾಯಿಯ, ನಡತೆ ಬದಲಾದ ನಾಯಿಯ ಬಾಯಿಗೆ ಯಾವ ಕಾರಣಕ್ಕೂ ಕೈ ಹಾಕಕೂಡದು. ಅದನ್ನು ಬೇರೆಯಾಗಿ ಇರಿಸಿ ಪಶುವೈದ್ಯರಿಗೆ ತಿಳಿಸಬೇಕು. ಕಡಿತವಾದರೆ, ಅಥವಾ ಜೊಲ್ಲು ಗಾಯಕ್ಕೆ ತಗಲಿದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. 1885ರಲ್ಲಿ ಲೂಯಿ ಪಾಸ್ತರ್ ಮೊದಲ ಬಾರಿಗೆ ಒಬ್ಬ ಬಾಲಕನಿಗೆ ಕೊಟ್ಟ ಲಸಿಕೆಯ ಸುಧಾರಿತ ರೂಪ ಇಂದು ಸರಕಾರಿ ದವಾಖಾನೆಗಳಲ್ಲಿ ದೊರೆಯುತ್ತದೆ. ಅರಿಶಿಣ, ಖಾರದಪುಡಿ, ಸುಣ್ಣಗಳನ್ನು ಗಾಯಕ್ಕೆ ತುಂಬುವುದು ಸಲ್ಲದು.

ಲಸಿಕೆ ಹಾಕಿಸಿದ ಮನೆಯ ನಾಯಿ ಎಲುಬು ತಿನ್ನುವುದನ್ನು ಕಣ್ಣಾರೆ ಕಂಡಿದ್ದು, ಬಾಯಿಯ ಮುಂಭಾಗದಲ್ಲಿಯೇ ಚೂರು ಕಾಣುತ್ತಿದ್ದರೆ, ಇನ್ನೊಬ್ಬರು ತಲೆಯನ್ನು ಹಿಡಿದಿರುವಾಗ ಇಕ್ಕಳದಿಂದ ಮೆಲ್ಲನೆ ತೆಗೆಯಬಹುದು. ಬಿಗಿಯಾಗಿ ಕೂತಿದ್ದರೆ ಎಳೆಯಬಾರದು. ಬೆರಳಿನಿಂದ ಒಳಕ್ಕೆ ನೂಕಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯ. ಇಳಿಯುವಾಗ ಒಮ್ಮೆ ಸೀಳಿದ ಎಲುಬು ಏರುವಾಗ ಇನ್ನೊಮ್ಮೆ ಸೀಳುತ್ತದೆ. ರೊಟ್ಟಿಯ ತುತ್ತು ತಿನ್ನಿಸಿ ಕೆಳಗಿಳಿಸುವುದು, ಔಡಲೆಣ್ಣೆ ಕುಡಿಸುವುದು, ಗುದದಿಂದ ಹೊರಚಾಚಿದ ಚೂರನ್ನು ಜಗ್ಗುವುದು, ಇವೆಲ್ಲವೂ ವರ್ಜ್ಯ. ಪಶುವೈದ್ಯರಲ್ಲಿಗೆ ಬೇಗ ಕರೆದೊಯ್ಯುವುದೇ ಸರಿಯಾದ ದಾರಿ. ಎಲುಬು ಸಾಮಾನ್ಯವಾಗಿ ಕ್ಷಕಿರಣಚಿತ್ರದಲ್ಲಿ ಕಾಣಿಸುತ್ತದೆ. ಎಂತಹ ಎಲುಬು, ಎಷ್ಟು ಹೊತ್ತಿಗೆ ತಿಂದಿತು ಎಂಬುದನ್ನು ಹೇಳಿದರೆ ವೈದ್ಯರ ಕೆಲಸ ಹಗುರವಾಗುತ್ತದೆ.

ಹಾಗಾದರೆ ಏನು ಹಾಕಬೇಕು?

ಎಲುಬಿನಲ್ಲಿರುವ ಸತ್ತ್ವವನ್ನು ಎಲುಬಿಲ್ಲದೆಯೇ ಕೊಡುವುದು ಜಾಣತನ. ಉಪ್ಪು, ಖಾರ, ಉಳ್ಳಾಗಡ್ಡಿ ಹಾಕುವ ಮೊದಲೇ ಎಲುಬಿನ ಕುದಿರಸವನ್ನು ಒಂದು ಸೌಟು ಬೇರೆ ತೆಗೆದಿಟ್ಟು, ಸೋಸಿ, ಆರಿಸಿ, ಮೇಲಿನ ಕೊಬ್ಬನ್ನು ತೆಗೆದು, ಅದರಲ್ಲಿ ರೊಟ್ಟಿ ನೆನೆಸಿ ಹಾಕಿದರೆ ನಾಯಿ ಬಟ್ಟಲನ್ನು ನೆಕ್ಕಿ ಬಿಡುತ್ತದೆ. ಅದರ ಪ್ರೀತಿ ಎಲುಬಿನ ವಾಸನೆಯ ಮೇಲೆಯೇ ಹೊರತು ಗಡಸುತನದ ಮೇಲಲ್ಲ. ಬೆಂದ ಮಾಂಸವನ್ನು ಎಲುಬಿನಿಂದ ಬಿಡಿಸಿ ಹಾಕಬಹುದು. ಬೇಯಿಸಿದ ತತ್ತಿ, ಒಗ್ಗಿದ ನಾಯಿಗೆ ಮಜ್ಜಿಗೆ ಕೊಡಬಹುದು.

ಸುಣ್ಣದಂಶಕ್ಕೆ ಎಲುಬು ಬೇಡವೇ ಎಂಬ ಪ್ರಶ್ನೆ ಯೋಗ್ಯವಾದುದು. ಬರಿಯ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಮಾಂಸವೊಂದನ್ನೇ ತಿಂದ ಮರಿಯ ಎಲುಬುಗಳು ಬಲಹೀನವಾಗುತ್ತವೆ. ಆದರೆ ಅತಿಯಾದ ಕ್ಯಾಲ್ಸಿಯಂ ಸಹ ದೊಡ್ಡ ತಳಿಯ ಮರಿಗಳ ಎಲುಬಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಆದುದರಿಂದ ಬೆಳೆಯುವ ಮರಿಗೆ ಎಷ್ಟು ಬೇಕೆಂಬುದನ್ನು ಪಶುವೈದ್ಯರು ತೂಕ ನೋಡಿ ಹೇಳುವುದೇ ಮೇಲು. ಅಂಗಳದಲ್ಲಿ ಬಿದ್ದ ಎಲುಬು ಆ ಲೆಕ್ಕವನ್ನು ಹಿಡಿಯಲಾರದು.

ಕಡಿಯುವ ಚಪಲವೂ ನಾಯಿಗೆ ಸಹಜ. ಅದಕ್ಕೆ ಗಟ್ಟಿ ರಬ್ಬರಿನ ಆಟಿಕೆ ಒಳ್ಳೆಯದು. ಕಡಿಯಲು ಕೊಡುವ ವಸ್ತುವಿಗೆ ಒಂದು ಸುಲಭ ಪರೀಕ್ಷೆಯಿದೆ: ಹೆಬ್ಬೆರಳಿನ ಉಗುರು ಒತ್ತಿದರೆ ಸ್ವಲ್ಪವಾದರೂ ಗುರುತು ಮೂಡಬೇಕು. ಮೂಡದಿದ್ದರೆ ಅದು ನಾಯಿಯ ಹಲ್ಲಿಗೆ ತಕ್ಕುದಲ್ಲದಷ್ಟು ಗಡಸು.

ಉಂಡ ಮೇಲಿನ ಎಲುಬುಗಳನ್ನು ಅಂಗಳಕ್ಕಾಗಲಿ ಓಣಿಗಾಗಲಿ ಎಸೆಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಸಿ ತಿಪ್ಪೆಯಲ್ಲಿ ಆಳವಾಗಿ ಹೂಳುವುದು ರೈತರಿಗೂ ಲಾಭ; ಎಲುಬಿನ ರಂಜಕ ಭೂಮಿಗೆ ಗೊಬ್ಬರ. ಕಂದೂರಿ, ಜಾತ್ರೆಗಳ ಸಾಮೂಹಿಕ ಊಟದ ಬಳಿಕ ಇಷ್ಟು ವ್ಯವಸ್ಥೆ ಮಾಡುವುದನ್ನು ಊರಿನ ತರುಣ ಮಂಡಳಿಗಳು ವಹಿಸಿಕೊಂಡರೆ ಬೀದಿನಾಯಿಗಳಿಗೂ ಉಪಕಾರವಾದೀತು.

ಉಪಸಂಹಾರ

ನಾಯಿಗೆ ಎಲುಬು ಹಾಕುವುದು ಕ್ರೌರ್ಯದಿಂದ ಬಂದ ರೂಢಿಯಲ್ಲ. ತನ್ನ ತಟ್ಟೆಯ ಪಾಲನ್ನು ಸಂಗಾತಿಯೊಡನೆ ಹಂಚಿಕೊಳ್ಳುವ ಔದಾರ್ಯದಿಂದ ಬಂದದ್ದು. ಆ ಔದಾರ್ಯ ಉಳಿಯಲಿ, ವಸ್ತು ಬದಲಾಗಲಿ. ಎಲುಬಿನ ಬದಲು ರಸ, ಎಸೆತದ ಬದಲು ಬಟ್ಟಲು, ವರ್ಷಕ್ಕೊಮ್ಮೆ ಹುಚ್ಚುರೋಗದ ಲಸಿಕೆ: ಒಬ್ಬ ಒಡೆಯನು ತನ್ನ ನಾಯಿಗೆ ಸಲ್ಲಿಸಬೇಕಾದ ಋಣ ಇಷ್ಟೇ.

ಐವತ್ತು ವರ್ಷಗಳಿಂದ ಈ ಶಾಲೆ ಗಡಿಯ ಮಕ್ಕಳಿಗೆ ಕನ್ನಡದ ಅಕ್ಷರ ಕಲಿಸುತ್ತ ಬಂದಿದೆ. ಅಕ್ಷರದ ಫಲ ಕಾವ್ಯದಲ್ಲಿ ಮಾತ್ರವಲ್ಲ, ಅಂಗಳದಲ್ಲಿಯೂ ಹಟ್ಟಿಯಲ್ಲಿಯೂ ಕಾಣಬೇಕು. ಓದಿದ ಮಗು ಮನೆಗೆ ಹೋಗಿ, "ಅಜ್ಜಾ, ಆ ಎಲುಬು ನಾಯಿಗೆ ಹಾಕಬ್ಯಾಡ್ರಿ" ಎಂದು ಕಾರಣಸಹಿತ ಹೇಳಬಲ್ಲದಾದರೆ ಈ ವಿವೇಚನೆ ಸಾರ್ಥಕ.